65 ಕೆಜಿ ಅಡಿಕೆ 1 ಕೆಜಿ ಆಗಿದ್ದು

ನಾನೇ ಕಟ್ಟುತ್ತಿರುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೊನೆಗೂ ?? ತನ್ನ ಜಾಗದಲ್ಲಿ ಕೂತಿತು. ಎಡಗಡೆಯದು ಖಾಲಿ ಇದ್ದರೆ ಬಲಗಡೆಯದನ್ನು ತೆಗೆದುಕೋ ಅನ್ನೋ ಚಿಹ್ನೆ ಇದು. ತೀರ್ಥಹಳ್ಳಿ ಮಳೆಗೆ ಎರಡು ರಾತ್ರಿ ಕರೆಂಟ್ ಇರಲಿಲ್ಲ. ಇನ್ವರ್ಟರ್ ಬ್ಯಾಟರಿ ಕೇಳಿದರೆ ಅಂಗಡಿಯವರು ಮೂರು ವಾರದಿಂದ "ನಾಳೆ ಬರುತ್ತೆ" ಅಂತಲೇ ಹೇಳುತ್ತಿದ್ದಾರೆ. ನಿಜಕ್ಕೂ ಸಾಕಾಗಿದೆ.

ಟೋಕನ್ (ಭಾಷೆ ಗುರುತಿಸುವ ಬಿಡಿ ಚಿಹ್ನೆ), ಹೊಸ ನೋಡ್ (ಓದಿದ ಲೆಕ್ಕವನ್ನು ಒಳಗೆ ಹಿಡಿದಿಡುವ ಗಂಟು) ಎಲ್ಲ ಅರ್ಧ ಗಂಟೆಯ ಕೆಲಸ. ತಲೆ ತಿಂದಿದ್ದು ಪ್ರಿಸಿಡೆನ್ಸ್, ಅಂದರೆ ಯಾವ ಲೆಕ್ಕ ಮೊದಲು ಅನ್ನೋ ಕ್ರಮ. ಮೇಲಿರುವ ಚಿಹ್ನೆಯದು ಮೊದಲು, ಕೆಳಗಿನದು ಆಮೇಲೆ.

ಮನೆಯ ಅಡಿಕೆ ಲೆಕ್ಕಕ್ಕೆ ನನ್ನ ಭಾಷೆಯನ್ನೇ ಬಳಸುತ್ತೇನೆ. ಖಾಲಿ ಚೀಲದ ತೂಕ ಬರೆದಿಲ್ಲದಿದ್ದರೆ 1 ಕೆಜಿ ಅಂತ ಹಿಡಿಯಬೇಕು:

ನಿವ್ವಳ = ತೂಕ - ಚೀಲ ?? 1

65 ಕೆಜಿ ರಾಶಿ ಅಡಿಕೆಗೆ 64 ಬರಬೇಕಿತ್ತು. ಬಂದಿದ್ದು 1. ಅಪ್ಪ ಕನ್ನಡಕ ಮೇಲೆತ್ತಿ, "ಉಳಿದಿದ್ದು ಇಲಿ ತಿಂತಾ?" ಅಂದರು.

ಸಿ ಶಾರ್ಪ್ ಭಾಷೆಯ ತರ ?? ಅನ್ನು ತೀರಾ ಕೆಳಗಿಟ್ಟಿದ್ದೆ. ಹಾಗಾಗಿ ಮೊದಲು ಕಳೆಯುವ ಲೆಕ್ಕ ಆಯ್ತು. ನನ್ನಲ್ಲಿ ಖಾಲಿಯನ್ನು ಕಳೆದರೆ ಉತ್ತರವೂ ಖಾಲಿ, ಆ ಖಾಲಿಯ ಜಾಗಕ್ಕೆ 1 ಬಂದು ಕೂತಿತು. ಸ್ವಿಫ್ಟ್ ಭಾಷೆ ಇದನ್ನು ಹೋಲಿಕೆಗಿಂತ ಮೇಲಿಟ್ಟಿದೆ, ಆದರೆ ಕೂಡು-ಕಳೆಗಿಂತ ಕೆಳಗೇ. ನಾನು ಗುಣಾಕಾರಕ್ಕಿಂತಲೂ ಮೇಲೆ ತಳ್ಳಿದೆ. ಈ ಸಾಲು ಸರಿಹೋಯ್ತು, ಇನ್ನೊಂದು ಕೆಟ್ಟಿತು:

ದರ ?? ಹಳೆದರ + ಏರಿಕೆ

ಇವತ್ತಿನ ದರ ಇದ್ದರೂ ಅದಕ್ಕೆ ಏರಿಕೆ ಸೇರಿಕೊಂಡಿತು.

ಎರಡೂ ಸಾಲನ್ನು ಜನ ಸಹಜವಾಗಿಯೇ ಬರೆಯುತ್ತಾರೆ, ಅಲ್ವಾ? ಹಾಗಾದರೆ ಪಾರ್ಸರ್ (ಬರೆದ ಸಾಲನ್ನು ಓದಿ ಬಿಡಿಸುವ ಭಾಗ) ಊಹಿಸಬಾರದು. ಜಾವಾಸ್ಕ್ರಿಪ್ಟ್‌ಗೆ 2020ರಲ್ಲಿ ?? ಬಂದಾಗ, ಬ್ರಾಕೆಟ್ ಇಲ್ಲದೆ || ("ಅಥವಾ" ಅನ್ನೋ ಚಿಹ್ನೆ) ಜೊತೆ ಬೆರೆಸಿದರೆ ಸಿಂಟ್ಯಾಕ್ಸ್ ಎರರ್ ಅಂತ ಮಾಡಿದರು. ನಾನು ಕೂಡು-ಕಳೆ, ಗುಣಿಸು-ಭಾಗಿಸು ಜೊತೆಗೂ ಹಾಗೇ ಮಾಡಿದೆ.

ನಾನು ಬಳಸಿದ ಪ್ರಾಟ್ ಅನ್ನೋ ಬಗೆಯ ಪಾರ್ಸರ್‌ನಲ್ಲಿ ಬೈಂಡಿಂಗ್ ಪವರ್ (ಚಿಹ್ನೆ ಅಕ್ಕಪಕ್ಕದ್ದನ್ನು ಹಿಡಿಯುವ ಬಲ) ಅಂದರೆ ಬರೀ ಸಂಖ್ಯೆ. ಹೆಚ್ಚು, ಕಡಿಮೆ, ಇಲ್ಲಾ ಸಮ. "ಇವೆರಡಕ್ಕೂ ಸಂಬಂಧವೇ ಇಲ್ಲ" ಅನ್ನೋಕೆ ಜಾಗವಿಲ್ಲ. ಅದಕ್ಕೇ ನೋಡ್ ಕಟ್ಟುವಾಗ ಅದರ ಎಡ-ಬಲ ನೋಡಿ ಎರರ್ ಕೊಟ್ಟೆ. ಆಗ ತೂಕ - (ಚೀಲ ?? 1) ಕೂಡ ಎರರ್! ಒಂದು ಇಡೀ ರಾತ್ರಿ ಇದಕ್ಕೇ ಹೋಯ್ತು. ಬ್ರಾಕೆಟ್ ಓದಿ ಒಳಗಿನ ನೋಡ್ ಮಾತ್ರ ವಾಪಸ್ ಕೊಡುತ್ತಿದ್ದೆ, ಬ್ರಾಕೆಟ್ ಇತ್ತು ಅನ್ನೋ ಗುರುತೇ ನೋಡ್‌ಗಳ ಟ್ರೀಯಲ್ಲಿ ಉಳಿಯುತ್ತಿರಲಿಲ್ಲ. ಅದಕ್ಕೊಂದು ಸ್ವಂತ ನೋಡ್ ಕೊಟ್ಟೆ. 64 ಬಂತು!

ಎರರನ್ನು ಮುಂದೆ ಬೇಕಾದರೆ ಸಡಿಲ ಮಾಡಬಹುದು, ಅರ್ಥ ಬದಲಿಸೋದು ಕಷ್ಟ. ಸಿ ಭಾಷೆಯಲ್ಲಿ & (ಬಿಟ್‌ಗಳ ಲೆಕ್ಕದ ಚಿಹ್ನೆ) ಈಗಲೂ ಸಮವೇ ಅಂತ ನೋಡುವ == ಗಿಂತ ಕೆಳಗಿದೆ. ಎರಡೂ ನಿಜವೇ ಅಂತ ನೋಡುವ && ಬರುವ ಮೊದಲು ಆ ಕೆಲಸವನ್ನೂ & ಮಾಡುತ್ತಿತ್ತು, ಆಗ ಬರೆದ ಪ್ರೋಗ್ರಾಂ ಕೆಡಬಾರದು ಅಂತ ಅದನ್ನು ಅಲ್ಲೇ ಬಿಟ್ಟರು. 50 ವರ್ಷ ಕಳೆದರೂ ನಾವು ಅಲ್ಲಿ ಬ್ರಾಕೆಟ್ ಹಾಕುತ್ತಲೇ ಇದ್ದೇವೆ.

ಮುಂದಿನದು ಅಳತೆ. 2 ಕ್ವಿಂಟಲ್ - 65 ಕೆಜಿ ಅಂದರೆ 135 ಕೆಜಿ ಬರಬೇಕು. ಅದು ಸುಲಭ. ಆದರೆ ಒಟ್ಟು / 2 ಕ್ವಿಂಟಲ್? ಭಾಗಿಸಬೇಕಾದದ್ದು ಬರೀ 2ರಿಂದಲಾ, ಇಲ್ಲಾ 2 ಕ್ವಿಂಟಲ್‌ನಿಂದಲಾ? ಬೆಳಿಗ್ಗೆ ಅಪ್ಪನ ಕೈಲಿ ಓದಿಸಿ ನೋಡಬೇಕು.