ಡಿ-ಬ್ಲಾಕ್ ಬಾಯಿಪಾಠ ಮಾಡುವುದು ಹೇಗೆ?

ದ್ವಿತೀಯ ಪಿಯುಸಿಗೆ ರಸಾಯನಶಾಸ್ತ್ರ ಕಲಿಸುವ ನನಗೆ, ಪರೀಕ್ಷೆ ಹತ್ತಿರ ಬಂತೆಂದರೆ ಆವರ್ತಕ ಕೋಷ್ಟಕದ ನಡುಭಾಗದ ಲೋಹಗಳ ಗುಂಪಾದ ಡಿ-ಬ್ಲಾಕ್ ಬಗ್ಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: "ಸರ್, ಡಿ-ಬ್ಲಾಕ್ ತಲೆಯಲ್ಲಿ ನಿಲ್ಲುವುದೇ ಇಲ್ಲ, ಬಾಯಿಪಾಠ ಮಾಡುವುದು ಹೇಗೆ?" ಬಣ್ಣಗಳನ್ನು, ಉತ್ಕರ್ಷಣ ಸ್ಥಿತಿಗಳನ್ನು (+2, +3 ಇತ್ಯಾದಿ), ಮ್ಯಾಗ್ನೆಟಿಕ್ ಮೊಮೆಂಟುಗಳನ್ನು (ಕಾಂತಗುಣದ ಅಳತೆ) ಮೂರು ಪಟ್ಟಿಗಳಾಗಿ ಉರುಹೊಡೆಯಲು ಹೊರಟರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ಈ ಮೂರಕ್ಕೂ ಬೇರು ಪರಮಾಣುವಿನ 3ಡಿ ಎಂಬ ಉಪಕವಚದಲ್ಲಿರುವ ಎಲೆಕ್ಟ್ರಾನುಗಳ ಲೆಕ್ಕದಲ್ಲಿದೆ.

ಆದ್ದರಿಂದ ಮೊದಲು ಕಂಠಸ್ಥವಾಗಬೇಕಾದದ್ದು ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಹತ್ತು ಹೆಸರುಗಳು, 21ರಿಂದ 30ರವರೆಗಿನ ಅವುಗಳ ಪರಮಾಣು ಸಂಖ್ಯೆಗಳು, ಮತ್ತು ಉಳಿದವುಗಳಲ್ಲಿ ಎರಡು ಎಲೆಕ್ಟ್ರಾನುಗಳಿರುವ 4ಎಸ್ ಎಂಬ ಹೊರಗಿನ ಉಪಕವಚದಲ್ಲಿ ಒಂದನ್ನೇ ಉಳಿಸಿಕೊಂಡು ಕ್ರಮ ತಪ್ಪಿಸುವ ಕ್ರೋಮಿಯಂ ಹಾಗೂ ತಾಮ್ರ. ಅಯಾನು ಉಂಟಾಗುವಾಗ ಮೊದಲು ಹೊರಹೋಗುವುದು 4ಎಸ್ ಎಲೆಕ್ಟ್ರಾನುಗಳು ಎಂಬುದನ್ನು ಮರೆತು ಅಂಕ ಕಳೆದುಕೊಳ್ಳುವವರೇ ಹೆಚ್ಚು. ಜೋಡಿಯಾಗದ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಅದಕ್ಕಿಂತ ಎರಡು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ಮ್ಯಾಗ್ನೆಟಿಕ್ ಮೊಮೆಂಟ್ ಸಿಗುತ್ತದೆಯಷ್ಟೆ. ವಿಚಿತ್ರವೆಂದರೆ, ಕಬ್ಬಿಣದ +2 ಅಯಾನಿಗಾಗಿ 3ಡಿಯಿಂದಲೇ ಎರಡು ಎಲೆಕ್ಟ್ರಾನು ತೆಗೆದವರಿಗೂ ಜೋಡಿಯಿಲ್ಲದವು ನಾಲ್ಕೇ ಸಿಕ್ಕು, 4.90 ಬೋರ್ ಮ್ಯಾಗ್ನೆಟಾನ್ (ಮೊಮೆಂಟಿನ ಮಾನ) ಎಂಬ ಸರಿಯುತ್ತರವೇ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಅದೇ ದಾರಿಯಲ್ಲಿ ಮ್ಯಾಂಗನೀಸ್ +2ಕ್ಕೆ ಹೋದಾಗ 5.92 ಬರಬೇಕಾದಲ್ಲಿ 3.87 ಬಂದು ಗುಟ್ಟು ಬಯಲಾಗುತ್ತದೆ. ಅಭ್ಯಾಸಕ್ಕೆ ನಾನು ಮ್ಯಾಂಗನೀಸನ್ನೇ ಕೊಡುವುದು ಇದಕ್ಕಾಗಿ.

ಬಣ್ಣವೂ ಇದೇ ಲೆಕ್ಕಕ್ಕೆ ಸೇರಿದ್ದು. 3ಡಿ ಖಾಲಿಯಿರುವ ಸ್ಕ್ಯಾಂಡಿಯಂ +3, ತುಂಬಿರುವ ಸತು +2 ಬಣ್ಣರಹಿತ. ನಡುವಿನವು ಸಾಮಾನ್ಯವಾಗಿ ಬಣ್ಣದವು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತನ್ನು ಕಂಡಿರುವ ಮಲೆನಾಡಿನ ಮಕ್ಕಳಿಗೆ ತಾಮ್ರ +2ರ ನೀಲಿಯನ್ನು ಹೇಳಿಕೊಡಬೇಕಾಗಿಲ್ಲ. ಆ ಹರಳನ್ನು ಕಾಯಿಸಿ ನೀರನ್ನು ಓಡಿಸಿದರೆ ಬಿಳಿ ಪುಡಿ ಉಳಿಯುತ್ತದೆ. ಎಲೆಕ್ಟ್ರಾನುಗಳಷ್ಟೇ ಅಲ್ಲ, ಸುತ್ತಲಿನ ನೀರಿನ ಅಣುಗಳೂ ಬಣ್ಣಕ್ಕೆ ಬೇಕು ಎಂದು ಇದರಿಂದ ತಿಳಿಯುತ್ತದೆ. ಪರ್ಮ್ಯಾಂಗನೇಟ್ ಈ ನಿಯಮಕ್ಕೆ ಹೊರಗಿನದು: ಅಲ್ಲಿ 3ಡಿ ಖಾಲಿ, ಆದರೂ ಗಾಢ ನೇರಳೆ, ಏಕೆಂದರೆ ಬೆಳಕು ಹೀರಿದಾಗ ಆಕ್ಸಿಜನ್ನಿನ ಎಲೆಕ್ಟ್ರಾನು ಮ್ಯಾಂಗನೀಸಿನತ್ತ ಜಿಗಿಯುತ್ತದೆ.

ನಿಜವಾಗಿ ಬಾಯಿಪಾಠ ಬೇಡುವುದು ಎರಡು ತಯಾರಿಕೆಗಳು, ಅವನ್ನೂ ಬಣ್ಣದ ಹಾದಿಯಲ್ಲಿ ಹಿಡಿಯಬಹುದು. ಸಂಡೂರಿನ ಗಣಿಗಳಿಂದ ನಮಗೆ ಪರಿಚಿತವಾದ ಮ್ಯಾಂಗನೀಸ್ ಅದಿರಿನ ಕಪ್ಪು ಡೈಆಕ್ಸೈಡನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಉತ್ಕರ್ಷಣಕಾರಿಯೊಂದಿಗೆ ಕರಗಿಸಿದರೆ ಹಸಿರು ಮ್ಯಾಂಗನೇಟ್, ಅದರಿಂದ ನೇರಳೆ ಪರ್ಮ್ಯಾಂಗನೇಟ್. ಹಾಸನ ಜಿಲ್ಲೆಯ ಬೈರಾಪುರದಲ್ಲಿ ತೆಗೆದ ಕ್ರೋಮೈಟನ್ನು ಸೋಡಿಯಂ ಕಾರ್ಬೊನೇಟಿನೊಂದಿಗೆ ಗಾಳಿಯಲ್ಲಿ ಕಾಯಿಸಿದರೆ ಹಳದಿ ಕ್ರೋಮೇಟ್, ಆಮ್ಲ ಹಾಕಿದರೆ ಕಿತ್ತಳೆ ಡೈಕ್ರೋಮೇಟ್, ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ಹರಳು.

ಆಮ್ಲದಲ್ಲಿ ಪರ್ಮ್ಯಾಂಗನೇಟ್ 5 ಎಲೆಕ್ಟ್ರಾನುಗಳನ್ನೂ ಡೈಕ್ರೋಮೇಟ್ 6ನ್ನೂ ತೆಗೆದುಕೊಳ್ಳುತ್ತವೆ ಎಂಬುದನ್ನು ಅನೇಕರು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುತ್ತದೆ, ಎರಡು ಕ್ರೋಮಿಯಂಗಳು +6ರಿಂದ +3ಕ್ಕೆ. ಕಳೆದು ನೋಡಿದರೆ ಸಾಕು.