ಬಾವುಟಗುಡ್ಡೆಯ ಚಾಪೆಲ್: ಕತ್ತೆತ್ತಿ ನೋಡಲು ಪುರುಸೊತ್ತು ಮಾಡಿಕೊಂಡು ಹೋಗಿ

ಮಂಗಳೂರಿಗೆ ಬರುವವರು ಪಣಂಬೂರು, ಕದ್ರಿ, ಕುದ್ರೋಳಿ ಎಂದು ಪಟ್ಟಿ ಮಾಡಿಕೊಂಡು, ಉಳಿದ ಹದಿನೈದು ನಿಮಿಷವನ್ನು ಒಳಗೆಲ್ಲ ಚಿತ್ರ ತುಂಬಿದ ಪ್ರಾರ್ಥನಾ ಮಂದಿರವಾದ ಸಂತ ಅಲೋಶಿಯಸ್ ಚಾಪೆಲ್‌ಗೆ ಕೊಡುತ್ತಾರೆ. ಅದು ಏನೇನೂ ಸಾಲದು. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ, ಬೇಕಿದ್ದರೆ ಪಟ್ಟಿಯಿಂದ ಬೇರೊಂದು ಜಾಗ ಕೈಬಿಡಿ.

ದಾರಿ ಸುಲಭ. ಸೆಂಟ್ರಲ್ ರೈಲು ನಿಲ್ದಾಣದಿಂದ ಹಂಪನಕಟ್ಟೆಗೆ ನಡೆದೇ ಬರಬಹುದು, ಅಲ್ಲಿಂದ ಬಾವುಟಗುಡ್ಡೆಗೆ ಏರುರಸ್ತೆ. ಬಿಜೈ ಬಸ್ ನಿಲ್ದಾಣದಲ್ಲಿ ಇಳಿದವರು ಆಟೊ ಹಿಡಿಯಿರಿ. ಹಂಪನಕಟ್ಟೆಯಲ್ಲೇ ಮಿಲಾಗ್ರಿಸ್ ಇಗರ್ಜಿ (ಚರ್ಚು) ಸಿಗುತ್ತದೆ. 1680ರಲ್ಲಿ ಸ್ಥಾಪನೆಯಾಗಿ, 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾಗಿ, ಮತ್ತೆ ಎದ್ದು ನಿಂತ ಇಗರ್ಜಿ ಅದು. ಹೋಗುವಾಗಲೇ ಒಳಹೊಕ್ಕು ಬನ್ನಿ. ಚಾಪೆಲ್ ನೋಡಿದ ಮೇಲೆ ಕಣ್ಣಿಗೆ ಬೇರೇನೂ ಹಿಡಿಸುವುದು ಕಷ್ಟ.

ಚಾಪೆಲ್ ಇರುವುದು ಸಂತ ಅಲೋಶಿಯಸ್ ಕಾಲೇಜಿನ ಆವರಣದಲ್ಲಿ. ಬಲಿಪೂಜೆಯೋ (ಕ್ರೈಸ್ತರ ಸಾಮೂಹಿಕ ಪೂಜೆ) ಕಾಲೇಜಿನ ಕಾರ್ಯಕ್ರಮವೋ ಇದ್ದರೆ ಕಾಯಬೇಕಾಗುತ್ತದೆ, ಆದ್ದರಿಂದ ಆ ದಿನದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಫೋಟೊ ತೆಗೆಯುವಂತಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಮೊಬೈಲ್ ಜೇಬಿಗೆ ಹೋದರೆ ಕಣ್ಣು ಮೇಲಕ್ಕೆ ಹೋಗುತ್ತದೆ.

ಹೊರಗಿನಿಂದ ಕಟ್ಟಡ ಸರಳ: ಬಿಳಿ ಗೋಡೆ, ಹೆಂಚಿನ ಮಾಡು. 1880ರ ದಶಕದಲ್ಲಿ ಯೇಸುಸಭೆಯವರು (ಜೆಸ್ವಿಟ್ ಸನ್ಯಾಸಿಗಳು) ಕಟ್ಟಿದ ಮೇಲೆ ಒಳಗೋಡೆಗಳು ಬಹಳ ವರ್ಷ ಚಿತ್ರವಿಲ್ಲದೆಯೇ ಇದ್ದವು. ಆಮೇಲೆ ಬಂದವರು ಇಟಲಿಯ ಬೆರ್ಗಮೊ ಕಡೆಯ ಚಿತ್ರಕಾರ, ಅದೇ ಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ. 1899ರಿಂದ 1901ರವರೆಗೆ ದುಡಿದು ಚಾವಣಿ, ಕಮಾನು, ಗೋಡೆ ಯಾವುದನ್ನೂ ಖಾಲಿ ಬಿಡಲಿಲ್ಲ.

ಮೊದಲು ನಡುವಿನ ಬೆಂಚಿನಲ್ಲಿ ಕುಳಿತು ಹಿಂದಕ್ಕೆ ಒರಗಿಕೊಳ್ಳಿ. ಚಾವಣಿಯ ಮಧ್ಯದಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗನ ಬದುಕು. ಅರಸುಮನೆತನದ ಹುಡುಗ ಹಕ್ಕುಗಳನ್ನೆಲ್ಲ ಬಿಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ ತಾನೂ ಕಾಯಿಲೆ ಬಿದ್ದು 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡ. ಇಷ್ಟು ಕಥೆ ಗೊತ್ತಿದ್ದರೆ ಚಿತ್ರಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಚಾವಣಿಯ ಇಳಿಜಾರಿನಲ್ಲಿ ಪ್ರೇಷಿತರು, ಅಂದರೆ ಯೇಸುವಿನ ಶಿಷ್ಯರು, ಇದ್ದಾರೆ. ಅವರ ಸುತ್ತಲಿನ ಹೂಮಾಲೆ, ಚೌಕಟ್ಟುಗಳನ್ನು ಗಾರೆಯಲ್ಲಿ ಕೆತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಕೆತ್ತಿದ್ದಲ್ಲ, ಬರೆದದ್ದು! ಎದ್ದು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಿ. ನಿಜವಾದ ಉಬ್ಬಾದರೆ ನೀವು ಸರಿದಂತೆ ಅದರ ಆಕಾರ ಬದಲಾಗಬೇಕು. ಇಲ್ಲಿ ಬದಲಾಗುವುದಿಲ್ಲ, ನೆರಳನ್ನೂ ಕುಂಚದಲ್ಲೇ ಎಳೆದಿದ್ದಾರೆ. ಚಿಕ್ಕ ಬೈನಾಕ್ಯುಲರ್ ಇದ್ದರೆ ತಪ್ಪದೆ ತನ್ನಿ.

ಚಾವಣಿಯದು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವ ವಿಧಾನ. ಗಾರೆ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಬೇಕು. ತಪ್ಪಿದರೆ ಕೆರೆದು ಹೊಸದಾಗಿ ಮೆತ್ತಬೇಕು. ಕತ್ತು ಮೇಲೆ ಮಾಡಿಕೊಂಡು, ಕರಾವಳಿಯ ಸೆಕೆಯಲ್ಲಿ ಈ ಕೆಲಸ! ಗೋಡೆಗಳ ದೊಡ್ಡ ಚಿತ್ರಗಳು ಮಾತ್ರ ಕ್ಯಾನ್ವಾಸ್ ಮೇಲಿನ ತೈಲವರ್ಣ. ಎರಡರ ಹೊಳಪನ್ನು ಹೋಲಿಸಿ ನೋಡಿ: ಮೇಲಿನದು ಮಂದ, ಗೋಡೆಯದಕ್ಕೆ ಮಿರುಗು.

ಫ್ರೆಸ್ಕೊಗೆ ದೊಡ್ಡ ಶತ್ರು ತೇವ. ಮಾಡಿನಿಂದ ನೀರು ಇಳಿದರೆ ಗಾರೆಯೊಳಗಿನ ಲವಣ ಮೇಲೆದ್ದು ಬಣ್ಣವನ್ನು ಹೊಪ್ಪಳಿಸುತ್ತದೆ. ಇಲ್ಲಿನ ಮಳೆಗಾಲ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಈ ಚಿತ್ರಗಳು ಉಳಿದದ್ದೇ ಅಚ್ಚರಿ. 1990ರ ದಶಕದಲ್ಲಿ ಪಾರಂಪರಿಕ ಆಸ್ತಿಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವನ್ನು ಜೀರ್ಣೋದ್ಧಾರ ಮಾಡಿದರು. ನಾವು ಮಾಡಬೇಕಾದದ್ದು ಇಷ್ಟೇ: ಗೋಡೆ ಮುಟ್ಟಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ, ಒದ್ದೆ ಕೊಡೆಯನ್ನು ಹೊರಗೇ ಬಿಡಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದರೆ ಹಿತ. ಬೆಳಗ್ಗೆ ಬೇಗ ಹೋದಷ್ಟೂ ಜನ ಕಡಿಮೆ.

ಮೊಸ್ಕೇನಿಯ ಕೈಚಳಕ ಮನಸ್ಸಿಗೆ ಹಿಡಿಸಿದರೆ ಪ್ರವಾಸವನ್ನು ಕೊಚ್ಚಿಗೆ ಮುಂದುವರಿಸಿ. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬಸಿಲಿಕಾದ ಒಳಗೂ ಅವರ ಚಿತ್ರಗಳಿವೆ. 1905ರಲ್ಲಿ ಅವರು ತೀರಿಕೊಂಡದ್ದು ಕೊಚ್ಚಿಯಲ್ಲೇ. ಮಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಎರ್ನಾಕುಲಂ. ಟಿಕೆಟ್ ಮಾತ್ರ ಮುಂಚೆಯೇ ಮಾಡಿಸಿಡಿ.