ಸಮಪಾಲು

ಇವತ್ತು ಹೊಸನಗರದ ಹತ್ತಿರ ಪರಿಚಯದವರ ರಬ್ಬರ್ ತೋಟಕ್ಕೆ ಹೋಗಿದ್ದೆ. ಟ್ಯಾಪಿಂಗ್ ಮಾಡುವ ಅಕ್ಕ ಸುಳ್ಯದ ಕಡೆಯವರು. ಕನ್ನಡ, ತುಳು, ತಮಿಳು ಮೂರೂ ಸಲೀಸು.

"ನಮ್ಮಜ್ಜಿ ಸಿಲೋನಲ್ಲಿ ಟೀ ಎಲೆ ಕೊಯ್ತಿದ್ರು. ತಲೈಮನ್ನಾರಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬಂದ್ರಂತೆ" ಅಂದರು. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ಮಾತಾಡುತ್ತಲೇ ತೊಗಟೆಗೆ ಓರೆಯಾಗಿ ಕತ್ತಿ ಎಳೆದರು. ಕೈ ಎಲ್ಲೂ ನಿಲ್ಲಲಿಲ್ಲ. ಹಾಲು ಸಣ್ಣಗೆ ಇಳಿಯಿತು.

ಇದರ ಹಿಂದಿರುವುದು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದ, ನಮ್ಮ ಪ್ರಧಾನಿ ಮತ್ತು ಸಿಲೋನಿನ ಪ್ರಧಾನಿ ಮಾಡಿಕೊಂಡದ್ದು. ಸಿಲೋನಿನಲ್ಲಿ ಪೌರತ್ವವೇ ಇಲ್ಲದ, ಭಾರತ ಮೂಲದ ಸುಮಾರು 9,75,000 ಜನ. 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟರು. ಹತ್ತು ವರ್ಷ! 1974ರಲ್ಲಿ ಇಂದಿರಾ ಗಾಂಧಿ, ಸಿರಿಮಾವೊ ಮಾತಾಡಿ 75,000 ಆ ಕಡೆ, 75,000 ಈ ಕಡೆ ಮಾಡಿದರು. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ. ಸಿಲೋನಲ್ಲೇ ಹುಟ್ಟಿದವರು ಅದರಲ್ಲಿ ಎಷ್ಟೋ ಜನ. ಹೊಟ್ಟೆ ಉರಿಯುತ್ತದೆ.

ಅದೇ 1964ರಲ್ಲಿ ನಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಹಿನ್ನೀರಿಗೆ ಊರುಗಳು ಮುಳುಗಿ ಜನ ಮನೆ ಬಿಟ್ಟರು. ಅದು ಬೇರೆ ಕಥೆ, ದೇಶ ದಾಟಿದ್ದಲ್ಲ, ಗೊತ್ತು. ಆದರೂ ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಿರುವವರು ಇದ್ದಾರಲ್ವಾ?

ಇಲ್ಲಿ ಮುಳುಗಡೆ ಮನೆಯವರು ಜಾಸ್ತಿ ಇದ್ದೀರಿ. ಎಲ್ಲಿಗೆ ಹೋಗ್ತೀರಿ ಅಂತ ನಿಮ್ಮ ಹಿರಿಯರನ್ನು ಯಾರಾದರೂ ಕೇಳಿದ್ದರಾ? ಮನೆಯಲ್ಲಿ ವಿಚಾರಿಸಿ, ಬರೆಯಿರಿ.